ಚಿಟಿಕೆ ಉಪ್ಪು

ಕ್ರೈಸ್ತ ದೀಕ್ಷೆ ಕೊಡುವಾಗ ಪಾದ್ರಿ ನಾಲಿಗೆಯ ಮೇಲಿಟ್ಟ ಉಪ್ಪನ್ನು ಲುಕೇನಿ ಇನ್ನೂ ನುಂಗಿರಲಿಲ್ಲ, ಅಷ್ಟರಲ್ಲಿ ಟ್ರೆಸ್ಕಾಟ್‌ನ ಕುದುರೆ ಸ್ಪೇನಿನವರ ಫ್ಲಾರಿಡಾದ ಗಡಿಕೋಟೆಯ ಬಾಗಿಲಿಗೇ ಬಂದು ನಿಂತಿತು. ಇಂಗ್ಲಿಷರ ಕೆರೊಲಿನಾದಲ್ಲಿದ್ದ ಅವನ ಭತ್ತದ ಗದ್ದೆಯಿಂದ ಅವಳು ಓಡಿಬಂದು ಹನ್ನೊಂದು ದಿನವಾಗಿತ್ತು.

"ಅವಳು ನನ್ನ ಆಳು ಕಣಯ್ಯಾ! ಭುಜದ ಮೇಲೆ ನಾನೇ ಬರೆ ಹಾಕಿದ್ದೀನಿ, ನೋಡ್ಕೋ!"

"ನಮ್ಮ ದೊರೆ ಹುಕುಂ ಗೊತ್ತಲ್ಲ ಸ್ವಾಮಿ? ನಮ್ಮ ಮತ ಬೇಕು ಅಂತ ಕೇಳ್ಕೊಂಡು ಬಂದೋರು ಇಲ್ಲಿ ಸ್ವತಂತ್ರರು," ಎಂದ ಸ್ಪೇನಿನ ಠಾಣೇದಾರ. ಅವನ ಬಳಿ ಒಂಬತ್ತೇ ಸಿಪಾಯಿಗಳು. ಟ್ರೆಸ್ಕಾಟ್‌ನ ಹಿಂದೆ ಇಪ್ಪತ್ತು ಬಂದೂಕು.

"ಅವಳು ಕೇಳಿದ್ಲು, ಸರಿ. ಬೆನ್ನಿಗೆ ಕಟ್ಕೊಂಡಿರೋ ಕೂಸು ಕೇಳ್ತೇನು? ಅದು ಹುಟ್ಟಿದ್ದು ನನ್ನ ಗದ್ದೇಲಿ. ಅದನ್ನ ಕೊಟ್ಬಿಡು, ಹೋಗ್ತೀನಿ."

ಠಾಣೇದಾರ ಬಂದೂಕುಗಳನ್ನು ನೋಡಿದ. "ಅದೂ ನಿಜವೇ. ಕೂಸೇನೂ ಕೇಳಿಲ್ಲ." ಸಿಪಾಯಿಯೊಬ್ಬ ಅವಳ ಬೆನ್ನಿನ ಬಟ್ಟೆಯ ಗಂಟಿಗೆ ಕೈಹಾಕಿದ.

ಲುಕೇನಿ ಹುಟ್ಟಿದ ಕಾಂಗೋದಲ್ಲಿ ದೀಕ್ಷೆಗೆ ‘ಉಪ್ಪು ತಿನ್ನುವುದು’ ಎಂದೇ ಹೆಸರು. ತನ್ನ ಪಾಲನ್ನು ಅವಳು ಚಿಕ್ಕಂದಿನಲ್ಲೇ ತಿಂದಿದ್ದಳು. ಪಾದ್ರಿಗೆ ಹೇಳಿರಲಿಲ್ಲ, ಅಷ್ಟೆ. ಸಿಪಾಯಿಯ ಕೈ ಕೊಡವಿ ಕೂಸನ್ನು ಎದೆಗೆಳೆದುಕೊಂಡಳು. ನಾಲಿಗೆಯ ಮೇಲಿದ್ದ ಉಪ್ಪನ್ನು ಬೆರಳಿನಿಂದ ಬಳಿದು ಅದರ ಬಾಯಿಗಿಟ್ಟಳು.

ಕೂಸು ಮುಖ ಕಿವುಚಿತು. ಇನ್ನೇನು ಅಳುತ್ತದೆಂದು ಎಲ್ಲರೂ ಕಾದರು. ಅದು ತುಟಿ ಚಪ್ಪರಿಸಿತು; ಪಾದ್ರಿಯ ಕೈಯಲ್ಲಿದ್ದ ಉಪ್ಪಿನ ಬಟ್ಟಲ ಕಡೆಗೆ ಕತ್ತು ಚಾಚಿ ಮತ್ತೆ ಬಾಯಿ ತೆರೆಯಿತು.

ಪಾದ್ರಿ ಬಟ್ಟಲಿಗೆ ಬೆರಳು ಅದ್ದಿದರು.

"ನೋಡಿ ಠಾಣೇದಾರರೇ," ಎಂದರು, "ಕೂಸು ಕೇಳ್ತಾ ಇದೆ."