ಬಂದರಿನ ಕ್ಯಾಮೆರಾ

"ಎಳೆಯಲಿಕ್ಕೆ ಟಗ್ ಬೋಟಿಲ್ಲ, ದಾರಿ ತೋರಿಸಲಿಕ್ಕೆ ಪೈಲಟ್ ಇಲ್ಲ, ಇಂಥ ಗಾಳಿಗೆ ಹಡಗನ್ನು ಹಿಂದೆ ಹಿಂದೆ ತರ್ತಿದ್ದಾನೆ! ಈ ಕ್ಯಾಪ್ಟನ್‌ಗೆ ತಲೆ ಸರಿ ಉಂಟಾ?"

ಆಂಟನಿ ಸೋಫಾದಿಂದ ಎದ್ದು ಟೀವಿಯ ಮುಂದೆ ಹೋಗಿ ನಿಂತ. ಪರದೆಯ ಮೇಲೆ ಗ್ರೀಸ್‌ನ ಒಂದು ಪುಟ್ಟ ದ್ವೀಪದ ಬಂದರು. ಕಟ್ಟಡದಷ್ಟು ಎತ್ತರದ ಬಿಳಿ ಹಡಗೊಂದು ಬಂದರುಕಟ್ಟೆಗೆ ಬೆನ್ನು ತಿರುಗಿಸಿ ಹಿಂದಕ್ಕೆ ಸರಿದು ಬರುತ್ತಿತ್ತು. ಗಾಳಿಗೆ ಅದರ ಮೂತಿ ಬೇಡವೆಂದ ಕಡೆಗೇ ಹೋಗುತ್ತಿತ್ತು. ಆ ಹಡಗಿನಲ್ಲಿ ಮಗಳು ಮೈರಾ ಇದ್ದಳು. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ಗಂಡ ಬ್ರ್ಯಾಂಡನ್ ಜೊತೆ ಹನಿಮೂನಿಗೆ ಹೋದವಳು.

ದೋಹಾದಲ್ಲಿ ವಾರದ ರಜೆ ಶುಕ್ರವಾರ; ಅಂದು ಇಗರ್ಜಿಯಿಂದ ಬಂದು ಉಂಡ ಮೇಲೆ ಗ್ರೀಸ್ ಬಂದರುಗಳ ಲೈವ್ ಕ್ಯಾಮೆರಾ ಹಾಕಿಕೊಂಡು ಕೂರುವುದು ಆಂಟನಿಗೆ ಹಳೆಯ ಚಟ. ವಾರವೆಲ್ಲ ಅಲ್ಲಿನ ಹಮದ್ ಬಂದರಿನ ಆಫೀಸಿನಲ್ಲಿ ಯಾವ ಹಡಗು ಯಾವ ಕಟ್ಟೆಗೆ ಎಂದು ತಲೆ ಬಿಸಿ ಮಾಡಿಕೊಂಡವನು ರಜೆಯಲ್ಲೂ ಹಡಗನ್ನೇ ನೋಡುತ್ತಾನೆಂದರೆ ಯಾರಾದರೂ ಏನು ಹೇಳಿಯಾರು! ಗ್ರೀಸಿನವರು ಹಡಗು ನಿಲ್ಲುವ ಮೊದಲೇ ಹಿಂಬದಿಯ ದೊಡ್ಡ ಬಾಗಿಲು ಇಳಿಸಿ, ಬುಳುಬುಳು ಜನ ಇಳಿಸಿ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹೊರಟುಬಿಡುವುದನ್ನು ಕಂಡು ಅವನು ಪ್ರತಿ ವಾರ ಶಭಾಷ್ ಎನ್ನುತ್ತಿದ್ದ. ಅದೇ ಕಸರತ್ತಿಗೆ ಇವತ್ತು ಅವನ ಅಂಗೈ ಬೆವರುತ್ತಿತ್ತು.

"ಕೂತ್ಕೊಳ್ಳಿ ಮಾರಾಯ್ರೆ, ನೀವು ನಿಂತರೆ ಹಡಗು ನಿಲ್ತದಾ?" ಎಂದಳು ಹೆಂಡತಿ ವಿಲ್ಮಾ. ಹಾಗೆ ಹೇಳಿದವಳ ಕೈಯಲ್ಲೂ ಜಪಮಾಲೆ ಇತ್ತು. "ಮಾಲ್ಡೀವ್ಸ್ ಬೇಡ, ಗ್ರೀಸ್‌ಗೇ ಹೋಗಿ ಅಂದದ್ದು ಯಾರು? ಹಡಗು ಆರಿಸಿದ್ದೂ ನೀವೇ, ಹುಡುಗನನ್ನು ಆರಿಸಿದ್ದೂ ನೀವೇ."

"ಹುಡುಗನ ವಿಷಯದಲ್ಲಿ ನನಗೆ ಹೆದರಿಕೆ ಇಲ್ಲ. ಬಂಗಾರದಂಥ ಹುಡುಗ. ನನಗೆ ಹೆದರಿಕೆ ಹಡಗು ಕಟ್ಟುವ ಆ ಹಗ್ಗದ್ದು."

ಅಷ್ಟರಲ್ಲಿ ಕಟ್ಟೆಗೆ ಎಸೆದ ಹಗ್ಗ ನೀರಿಗೆ ಬಿತ್ತು. ಹಡಗು ಗಕ್ಕನೆ ಮುಂದೆ ಚಲಿಸಿ ಬಂದರಿನಿಂದ ಹೊರಗೆ ನಡೆಯಿತು. ಕಳೆದ ಚಳಿಗಾಲದಲ್ಲಿ ಹೀಗೇ ಒಂದು ಹಡಗು ಕಟ್ಟೆಗೆ ಉಜ್ಜಿದ್ದನ್ನು ಇದೇ ಟೀವಿಯಲ್ಲಿ ನೋಡಿ, ಮರುದಿನ ಆಫೀಸಿನಲ್ಲಿ ರಸವತ್ತಾಗಿ ವರ್ಣಿಸಿದ್ದ. ಈಗ ಅದನ್ನು ವಿಲ್ಮಾಳ ಎದುರು ಬಾಯಿ ಬಿಡುವ ಧೈರ್ಯವೂ ಆಗಲಿಲ್ಲ. ಹಡಗು ದೂರದಲ್ಲಿ ಸುತ್ತು ಹೊಡೆದು ಮತ್ತೆ ಬೆನ್ನು ತಿರುಗಿಸಿತು.

ಆಗಲೇ ವಿಲ್ಮಾಳ ಫೋನು ರಿಂಗಾಯಿತು.

"ಮಮ್ಮಿ, ಇಳಿದೆವು!" ಸ್ಪೀಕರಿನಲ್ಲಿ ಮೈರಾಳ ದನಿ.

ಆಂಟನಿ ತಬ್ಬಿಬ್ಬಾಗಿ ಪರದೆ ನೋಡಿದ. ಹಡಗು ಇನ್ನೂ ನಡುನೀರಿನಲ್ಲಿತ್ತು! ಮರುಕ್ಷಣ ತನ್ನ ಹಣೆ ತಾನೇ ಬಡಿದುಕೊಂಡ. ಲೈವ್ ಎಂದು ಕೆಂಪಕ್ಷರದಲ್ಲಿ ಬರೆದಿದ್ದರೂ ಆ ಚಿತ್ರ ದೋಹಾಕ್ಕೆ ತಲುಪುವಾಗ ಕೆಲವು ನಿಮಿಷ ತಡವಾಗುತ್ತದೆ. ಗೊತ್ತಿದ್ದ ವಿಷಯವೇ ಗಾಬರಿಯಲ್ಲಿ ಮರೆತುಹೋಗಿತ್ತು. ತಾನು ನೋಡುತ್ತಿರುವುದನ್ನು ಹೇಳಬೇಡ, ನಗುತ್ತಾಳೆ ಎಂದು ಹೆಂಡತಿಗೆ ಕೈಸನ್ನೆ ಮಾಡಿದ.

"ಗಾಳಿ ಜೋರು ಉಂಟಾ ಮಗಾ? ಬ್ರ್ಯಾಂಡನ್ ಎಲ್ಲಿ?" ಎಂದು ಕೇಳಿದಳು ವಿಲ್ಮಾ.

"ಇಲ್ಲೇ, ನನ್ನ ಪಕ್ಕದಲ್ಲಿ. ಬ್ಯಾಗೆಲ್ಲ ಅವನೇ ಹಿಡ್ಕೊಂಡಿದ್ದಾನೆ ಮಮ್ಮಿ, ನನಗೆ ಮುಟ್ಟಲಿಕ್ಕೇ ಬಿಡುವುದಿಲ್ಲ. ತುಂಬಾ ಖುಷಿಯಲ್ಲಿದ್ದೇವೆ. ಪಪ್ಪನಿಗೆ ಟೆನ್ಶನ್ ಮಾಡ್ಬೇಡಿ ಅಂತ ಹೇಳು. ಟ್ಯಾಕ್ಸಿ ಬಂತು, ಬೈ!"

ವಿಲ್ಮಾ ಶಿಲುಬೆಯ ಗುರುತು ಹಾಕಿಕೊಂಡಳು. ಚಹಾಕ್ಕೆ ನೀರಿಡುತ್ತೇನೆಂದು ಅಡುಗೆಮನೆಗೆ ಹೋದವಳು ಅಲ್ಲಿಂದಲೇ ಕಿನ್ನಿಗೋಳಿಯ ತಂಗಿಗೆ ಫೋನು ಹಚ್ಚಿದಳು. ಆಂಟನಿ ಸೋಫಾಕ್ಕೆ ಒರಗಿ ಕಾಲು ಚಾಚಿದ. ಇನ್ನು ಹೆದರಿಕೆಯಿಲ್ಲ, ಆರಾಮವಾಗಿ ನೋಡಬಹುದು. ಹಡಗು ಬಂತು, ಈ ಸಲ ಹಗ್ಗ ಸಿಕ್ಕಿತು, ಬಾಗಿಲು ಕಟ್ಟೆಯ ಮೇಲೆ ಕೂತಿತು. "ಶಭಾಷ್!" ಎಂದು ಒಬ್ಬನೇ ಚಪ್ಪಾಳೆ ತಟ್ಟಿದ.

ಜನ ಇಳಿಯತೊಡಗಿದರು. ಎಲ್ಲರಿಗಿಂತ ಮುಂದೆ ಬಂದವನು ಬ್ರ್ಯಾಂಡನ್. ಆ ಕೆಂಪು ಟೋಪಿ ಆಂಟನಿಯೇ ತೆಗೆದುಕೊಟ್ಟದ್ದು. ಅವನ ಎರಡೂ ಕೈ ಜೇಬಿನಲ್ಲಿದ್ದವು. ಹಿಂದೆ ನೋಡದೆ ಬಿರಬಿರನೆ ನಡೆಯುತ್ತಿದ್ದ. ಜನವೆಲ್ಲ ಖಾಲಿಯಾದ ಮೇಲೆ, ಹಳದಿ ಜಾಕೆಟ್ಟಿನ ಮೈರಾ ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬಂದಳು. ಒಂದು ಮಗುಚಿ ಬಿತ್ತು. ಅವಳು ಕೂಗಿರಬೇಕು, ಬ್ರ್ಯಾಂಡನ್ ತಿರುಗಿ ವಾಪಸು ಬಂದ. ಸೂಟ್‌ಕೇಸ್ ಎತ್ತಿಕೊಳ್ಳಲು ಬಂದನೆಂದುಕೊಂಡ ಆಂಟನಿ.

ಬ್ರ್ಯಾಂಡನ್ ಜೇಬಿನಿಂದ ಕೈ ತೆಗೆದು ಮೇಲೆತ್ತಿದ. ಎತ್ತಿದ್ದು ಹಾರುತ್ತಿದ್ದ ಟೋಪಿಯನ್ನು ಒತ್ತಿ ಹಿಡಿಯಲು, ಅಷ್ಟೇ. ಆದರೆ ಅಷ್ಟರಲ್ಲೇ ಮೈರಾ ತಟ್ಟನೆ ತಲೆ ತಗ್ಗಿಸಿ, ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು.

ಆಂಟನಿ ಚಾಚಿದ ಕಾಲು ಎಳೆದುಕೊಂಡು ಎದ್ದು ಕೂತ. ಬ್ರ್ಯಾಂಡನ್ ಏನೋ ಅಂದು ಕ್ಯಾಮೆರಾದಿಂದಾಚೆಗೆ ನಡೆದುಹೋದ.

"ನಮ್ಮ ಮೈರಾಳ ಅದೃಷ್ಟ ಅಂದರೆ ಅದೃಷ್ಟವೇ!" ಒಳಗೆ ವಿಲ್ಮಾ ತಂಗಿಗೆ ಹೇಳುತ್ತಿದ್ದಳು. "ಬ್ಯಾಗು ಸಹ ಮುಟ್ಟಲಿಕ್ಕೆ ಬಿಡುವುದಿಲ್ಲವಂತೆ."

ಖಾಲಿ ಕಟ್ಟೆಯ ಮೇಲೆ ಮೈರಾ ಬಿದ್ದ ಸೂಟ್‌ಕೇಸಿನ ಮೇಲೆಯೇ ಕೂತಳು. ಜಾಕೆಟ್ಟಿನ ತೋಳಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಫೋನು ತೆಗೆದು ಕಿವಿಗೆ ಹಿಡಿದಳು. ಅವಳು ಏನು ಹೇಳಲಿದ್ದಾಳೆಂದು ಆಂಟನಿ ಆಗಲೇ ಕೇಳಿಯಾಗಿತ್ತು.