ಎರಡು ನುಡಿ

"ನೀ ಏನ್ ಮಾಡು ಬೀರಲಿಂಗ, ಮೊದಲ ಎರಡು ನುಡಿ ಹಾಡಿಬಿಡು. ಮಂದಿ ತೂಕಡಸಾಕತ್ತಾರ. ಆಮ್ಯಾಲ ವ್ಯಾಳ್ಯಾ ಉಳಿದ್ರ ಪ್ರಬಂಧ ಓದಿದರಾತು," ಎಂದು ಪ್ರೊಫೆಸರ್ ಗುರುಬಸವ ಅವರು ವೇದಿಕೆಯ ಮಗ್ಗುಲಲ್ಲಿ ನಿಂತು ಪಿಸುಗುಟ್ಟಿದರು.

"ಸರ, ಈ ಸಲ ಬರೇ ಓದ್ತೇನ್ರಿ."

"ಯಾಕೋ, ಗಂಟಲ ಕೆಟ್ಟೇತೇನು?"

ಬೀರಲಿಂಗ ಕೈಯಲ್ಲಿದ್ದ ಹಾಳೆಗಳನ್ನು ಸರಿಮಾಡಿಕೊಂಡ. ಗಂಟಲು ನೆಟ್ಟಗೇ ಇತ್ತು. ಜಾನಪದ ವಿಭಾಗದಲ್ಲಿ ಅವನು ಸಂಶೋಧನೆಗೆ ಸೇರಿ ಐದನೆಯ ವರ್ಷ. ಅಷ್ಟರಲ್ಲಿ ಬೆಳಗಾವಿಯ ವಿಚಾರ ಸಂಕಿರಣದಲ್ಲಿ ಹಾಡಿದ್ದ, ಗದಗಿನಲ್ಲಿ ಹಾಡಿದ್ದ, ಬಾಗಲಕೋಟೆಯಲ್ಲಂತೂ ಊಟಕ್ಕೆ ಮೊದಲೊಮ್ಮೆ, ಊಟವಾದ ಮೇಲೊಮ್ಮೆ ಹಾಡಿದ್ದ. ಬರೆದುಕೊಂಡು ಹೋದ ಹಾಳೆಗಳು ಮಾತ್ರ ಹೋದಂತೆಯೇ ಮಾಳಮಡ್ಡಿಯ ಬಾಡಿಗೆ ಖೋಲಿಗೆ ವಾಪಸು ಬರುತ್ತಿದ್ದವು.

ಗುರುಬಸವ ಸರ್ ಕೆಟ್ಟವರಲ್ಲ. ಕುರಿ ಕಾಯುವವರ ಮನೆಯಿಂದ ಬಂದವನನ್ನು ಸೇರಿಸಿಕೊಳ್ಳಲು ಉಳಿದವರು ಹಿಂದೆಮುಂದೆ ನೋಡಿದಾಗ, ಅವರೊಡನೆ ಜಗಳಾಡಿ ತಮ್ಮ ಕೈಕೆಳಗೆ ತೆಗೆದುಕೊಂಡವರು ಅವರೇ. ಅದಕ್ಕೇ ಅವರಿಗೆ ಇಲ್ಲ ಎನ್ನುವುದು ಇನ್ನೂ ಕಷ್ಟ. ಆದರೆ ಇವತ್ತು ಅಧ್ಯಕ್ಷತೆ ವಹಿಸಿದ್ದ ಮೈಸೂರಿನ ಪ್ರಾಧ್ಯಾಪಕರು ಬೀರಲಿಂಗ ಅರ್ಜಿ ಹಾಕಿದ್ದ ಉಪನ್ಯಾಸಕ ಹುದ್ದೆಗೆ ಮುಂದಿನ ತಿಂಗಳು ಸಂದರ್ಶನ ಮಾಡುವ ಸಮಿತಿಯವರು. ಜೊತೆಯ ಸಂಶೋಧಕಿ ಸುಮಲತಾ ಬೆಳಗ್ಗೆಯೇ ಎಚ್ಚರಿಸಿದ್ದಳು: "ಅಣ್ಣಾರ, ಇವತ್ತರ ಓದ್ರಿ. ಹಾಡೋರು ಅಂತ ಅವರು ನೆನಪಿಟ್ಕೊಂಡ್ರಂದ್ರ ಮುಗೀತು."

ಬೀರಲಿಂಗನ ಹೆಸರು ಬಂತು. ವೇದಿಕೆಯ ಹಿಂದೆ ದೊಡ್ಡ ಬ್ಯಾನರು: 'ಸಂಶೋಧನೆಯಲ್ಲಿ ಎಲ್ಲ ಸಮುದಾಯಗಳಿಗೂ ಪಾಲು'. ಗುರುಬಸವ ಸರ್ ಮೈಕಿನ ಮುಂದೆ ಅಭಿಮಾನದಿಂದ ಹೇಳಿದರು: "ನಮ್ಮ ವಿಭಾಗದಲ್ಲಿ ಎಲ್ಲ ಸಮಾಜದವರಿಗೂ ಜಾಗವಿದೆ ಎನ್ನುವುದಕ್ಕೆ ಈ ಹುಡುಗನೇ ಸಾಕ್ಷಿ. ಗಬ್ಬೂರಿನ ಕುರಿಗಾಹಿಗಳ ಮನೆತನ. ಇವನ ತಂದೆಯೂ ದೊಡ್ಡ ಹಾಡುಗಾರ." ಕಿವಿಯ ಹತ್ತಿರ ಆಗಲೇ ನರೆ ಬಂದಿದ್ದ ಹುಡುಗ ಎದ್ದು ಮೈಕಿನ ಮುಂದೆ ನಿಂತ.

ಓದತೊಡಗಿದ. ಅವನ ತಂದೆ ಹಾಡುತ್ತಿದ್ದ ಹಾಡಿನಲ್ಲಿ ಒಂದರ ಹಿಂದೊಂದು ಊರು, ಹೊಲ, ಹಳ್ಳದ ಹೆಸರು ಬರುತ್ತವೆ. ಎಲ್ಲರೂ ಅದನ್ನು ಭಕ್ತಿಯ ಹಾಡು ಎಂದುಕೊಂಡಿದ್ದಾರೆ. ಭಕ್ತಿಯಲ್ಲ, ಅದೊಂದು ಒಪ್ಪಂದ ಎಂಬುದು ಬೀರಲಿಂಗನ ವಾದ. ಹಿಂಡು ಯಾವ ಹೊಲದಲ್ಲಿ ತಂಗಬಹುದು, ಬಿದ್ದ ಗೊಬ್ಬರಕ್ಕೆ ಬದಲಾಗಿ ಹೊಲದವರು ಎಷ್ಟು ಜೋಳ ಕೊಡಬೇಕು ಎಲ್ಲವೂ ಅದರಲ್ಲಿತ್ತು. ಇದನ್ನು ಸಾಧಿಸಲು ಅವನು ಹಾಡಿನ ದಾರಿಯನ್ನು ಪೂರ್ತಿ ನಡೆದಿದ್ದ. ಅಮ್ಮಿನಬಾವಿಯ ಮುದುಕರ ಕಟ್ಟೆಯ ಮೇಲೆ ಕೂತು ಕೇಳಿದ್ದ. ಬೈಪಾಸ್ ರಸ್ತೆಯ ಅಡಿಗೆ ಹೋದ, ಹಿಂಡಿನ ತಂಗುದಾಣಗಳನ್ನು ಗುರುತಿಸಿದ್ದ.

ಎರಡನೆಯ ಹಾಳೆಯ ಕೊನೆಗೆ ಹಾಡಿನ ಸಾಲೊಂದನ್ನು ಓದುತ್ತಿದ್ದಾಗ ಅಧ್ಯಕ್ಷರು ಕೈ ಎತ್ತಿದರು. "ಒಂದ್ನಿಮಿಷ. ಆ ಸಾಲು ಓದ್ಬೇಡಿ, ಹಾಡಿ. ಕೇಳೋಣ."

ಸಭೆಯಲ್ಲಿ ಮೊದಲ ಸಲ ಎಲ್ಲರ ಮುಖ ಮೇಲೆದ್ದಿತು. ಗುರುಬಸವ ಸರ್ ನಗುತ್ತ ತಲೆಯಾಡಿಸಿದರು. ಬೀರಲಿಂಗ ಹಾಳೆ ಹಿಡಿದ ಕೈಯನ್ನೊಮ್ಮೆ ನೋಡಿಕೊಂಡ. ಇಲ್ಲ ಎನ್ನಲು ಕಸುವು ಬೇಕಿತ್ತು. ಅದು ಈ ಐದು ವರ್ಷದಲ್ಲಿ ಎಲ್ಲೋ ಸವೆದುಹೋಗಿತ್ತು. ಹಾಡಲು ಕಸುವು ಬೇಕಿರಲಿಲ್ಲ. ಹಾಡಿದ.

ಸಭಾಂಗಣ ಎಚ್ಚತ್ತಿತು. ಮುಂದಿನ ಸಾಲಿನಲ್ಲಿ ಯಾರೋ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದರು. ಅಧ್ಯಕ್ಷರು ಕಣ್ಣು ಮುಚ್ಚಿ ಮೇಜಿನ ಮೇಲೆ ಬೆರಳಾಡಿಸಿದರು. "ಇನ್ನೊಂದು, ಇನ್ನೊಂದು" ಎಂಬ ಕೂಗೆದ್ದಿತು. ಇನ್ನೊಂದನ್ನೂ ಹಾಡಿದ. ಚಪ್ಪಾಳೆ ನಿಲ್ಲುವುದರೊಳಗೆ ಊಟದ ಹೊತ್ತಾಗಿತ್ತು. ಉಳಿದ ಹಾಳೆಗಳನ್ನು ಮಡಿಚಿ ಅಂಗಿಯ ಕಿಸೆಗೆ ಇಟ್ಟುಕೊಂಡು ಅವನು ಕೆಳಗಿಳಿದ.

ಊಟದ ಪೆಂಡಾಲಿನಲ್ಲಿ ಸುಮಲತಾ ತಾಟು ಹಿಡಿದು ಅವನ ಪಕ್ಕಕ್ಕೆ ಬಂದು ನಿಂತಳು. ಬೀರಲಿಂಗ ರೊಟ್ಟಿ ಮುರಿದ. ಅಷ್ಟರಲ್ಲಿ ಅಧ್ಯಕ್ಷರೇ ಹುಗ್ಗಿಯ ಬಟ್ಟಲು ಹಿಡಿದು ಹುಡುಕಿಕೊಂಡು ಬಂದರು.

"ಎಂಥಾ ಕಂಠ ರೀ ನಿಮ್ದು! ಮೈ ಜುಮ್ಮಂತು. ಮೊದಲು ಓದಿದ್ರಲ್ಲ, ಅದನ್ನೂ ಚೆನ್ನಾಗಿ ಬರ್ಕೊಟ್ಟಿದ್ದಾರೆ. ಗುರುಬಸವ ಅವರೇನಾ?"

ಸುಮಲತಾ ಬಾಯಿ ತೆರೆದಳು. ಬೀರಲಿಂಗ ಬೇಡವೆಂಬಂತೆ ಅವಳತ್ತ ನೋಡಿದ.

"ನೋಡಿ," ಅಧ್ಯಕ್ಷರು ಅವನ ಹೆಗಲ ಮೇಲೆ ಕೈಯಿಟ್ಟರು, "ನಿಮ್ಮ ಹಾಡುಗಳ ಮೇಲೆ ಯಾರಾದ್ರೂ ಪಿಎಚ್.ಡಿ. ಮಾಡ್ಲೇಬೇಕು. ನೀವು ಹೂಂ ಅನ್ನಿ, ನಾನೇ ಒಬ್ಬ ಒಳ್ಳೇ ಹುಡುಗನ್ನ ಕಳಿಸ್ತೀನಿ."

"ಒಬ್ಬಾಂವ ಮಾಡಾಕತ್ತಾನ್ರಿ ಸರ," ಎಂದ ಬೀರಲಿಂಗ. "ಆದ್ರ ಅವಂಗ ಇನ್ನೂ ಯಾರೂ ಓದಾಕ ಬಿಡವಲ್ರು."