ಚಿರೇಕಲ್ಲಿನ ಮೇಲೆ ಸೂರ್ಯಕಾಂತಿ

ಸೂರ್ಯಕಾಂತಿ ಅರಳಿದ ದಿನವೇ ಮನೆ ನೋಡಲು ಜನ ಬರುವವರಿದ್ದರು.

ಬೆಳಿಗ್ಗೆ ಬಾಗಿಲು ತೆರೆದ ಗಂಗೂ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ನಾಲ್ಕು ದಿನದಿಂದ ಬಿಚ್ಚಲೋ ಬೇಡವೋ ಎನ್ನುತ್ತಿದ್ದ ಮೊಗ್ಗು ಊಟದ ತಟ್ಟೆಯಷ್ಟು ಅಗಲಕ್ಕೆ ಬಿರಿದು, ಗುಡ್ಡದಾಚೆ ಏಳುತ್ತಿದ್ದ ಸೂರ್ಯನನ್ನು ನೋಡುತ್ತಿತ್ತು. ಜೋರಾಗಿ ಕೂಗಬೇಕೆನಿಸಿತು ಅವಳಿಗೆ. ಐವತ್ತೆರಡರ ಹೆಂಗಸು ಹೂ ನೋಡಿ ಕೂಗಿದರೆ ಅಕ್ಕಪಕ್ಕದವರು ಏನೆಂದಾರು ಎಂದು ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ಒಂದು ಸಲ ಹೊರಗೆ ಬಂದು ನೋಡಿ ಎಂದು ಗಂಡನನ್ನು ಕರೆದಳು. ಚಹಾ ಕುಡಿಯುತ್ತಿದ್ದ ರಾಮನಾಥ ಬಸಿ ಕೆಳಗಿಡಲಿಲ್ಲ. ಹತ್ತು ಗಂಟೆಗೆ ಅವರು ಬರುತ್ತಾರೆ, ಮನೆ ಗುಡಿಸಿಡು ಎಂದಷ್ಟೇ ಹೇಳಿದ.

ಅವನನ್ನು ದೂರುವಂತೆಯೂ ಇರಲಿಲ್ಲ. ಕಡಲ ದಂಡೆಯ ಅವರ ಊರು ನೌಕಾನೆಲೆಯ ಪಾಲಾಗಿ, ಇಬ್ಬರೂ ಅಂಕೋಲೆಯ ಹತ್ತಿರದ ಈ ಪುನರ್ವಸತಿ ಕಾಲೊನಿಗೆ ಬಂದು ಎರಡು ವರ್ಷವಾಗಿತ್ತು. ಅಲ್ಲಿ ಅಂಗಳದ ಮರಳಲ್ಲಿ ಬೆರಳಾಡಿಸಿದರೆ ತೇವ ಸಿಗುತ್ತಿತ್ತು. ಇಲ್ಲಿ ಗುಡ್ಡ ಕಡಿದು ಸಪಾಟು ಮಾಡಿದ ಚಿರೇಕಲ್ಲಿನ ನೆಲ. ಹಾರೆ ಹಾಕಿದರೆ ಕೈಗೇ ಪೆಟ್ಟು. ಇದು ತನ್ನ ಊರಲ್ಲ, ಆಗುವುದೂ ಇಲ್ಲ ಎಂದುಕೊಂಡ ರಾಮನಾಥ, ಮನೆಯನ್ನು ಬಾಡಿಗೆಗೆ ಕೊಟ್ಟು ವಾಸ್ಕೋದ ತಮ್ಮನ ಬಳಿ ಹೋಗುವುದೆಂದು ಚೌತಿಯ ಹೊತ್ತಿಗೇ ನಿಶ್ಚಯಿಸಿದ್ದ.

ಹೋಗುವುದೇ ಆದರೂ ಒಂದು ಬೇಸಿಗೆಯಿಡೀ ಕೈಕಟ್ಟಿ ಕೂರುವುದು ಗಂಗೂನಿಂದ ಆಗಲಿಲ್ಲ. ಸಂಕ್ರಾಂತಿ ಕಳೆದದ್ದೇ ತವರುಮನೆ ಬೆಳಂಬಾರಕ್ಕೆ ಮತ್ತೆ ಮತ್ತೆ ಹೋಗಿ, ಗದ್ದೆಯ ಮಣ್ಣನ್ನು ಸಿಮೆಂಟ್ ಚೀಲಕ್ಕೆ ತುಂಬಿ ಬಸ್ಸಿಗೆ ಹಾಕಿದಳು. ಮೂರನೇ ಸಲ ಕಂಡಕ್ಟರ್ ಚೀಲದಲ್ಲಿ ಏನೆಂದು ಕೇಳಿದ. ಮಣ್ಣು ಎಂದರೆ ನಂಬದೆ ಕೈಹಾಕಿ ನೋಡಿ, ನಕ್ಕು, ಲಗೇಜ್ ಟಿಕೆಟ್ ಹರಿದ. ಹಾಗೆ ಬಂದ ಮಣ್ಣಿಗೆ ಪಾತ್ರೆ ತೊಳೆದ ನೀರು, ದಾರಿಯಲ್ಲಿ ಸಿಕ್ಕ ಸೆಗಣಿ. ಬಿತ್ತಿದ ಐದನೇ ದಿನಕ್ಕೆ ಹರಿವೆ ಕೆಂಪಗೆ ತಲೆಯೆತ್ತಿತು. ಅದರ ಹಿಂದೆಯೇ ಬೆಂಡೆ, ಅಲಸಂದೆ, ಸೌತೆ. ಅಂಚಿಗೆ ಗೊಂಡೆ, ಜೀನಿಯಾ, ಒಂದೇ ಒಂದು ಸೂರ್ಯಕಾಂತಿ. ದಿನ ಬೆಳಗಾದರೆ ಅಲ್ಲಿ ಹೊಸತೊಂದು ನಡೆದಿರುತ್ತಿತ್ತು. ಅದೇನೆಂದು ನೋಡುವ ತವಕಕ್ಕೆ ಅವಳಿಗೆ ಕೋಳಿ ಕೂಗುವ ಮೊದಲೇ ಎಚ್ಚರವಾಗುತ್ತಿತ್ತು. ರಾಮನಾಥ ಮಾತ್ರ ಗಿಡಗಳ ನಡುವೆ ನಡೆದು ಹೋಗುವಾಗಲೂ ಗೇಟನ್ನಷ್ಟೇ ನೋಡುತ್ತಿದ್ದ.

ಹತ್ತು ಗಂಟೆಗೆ ಸರಿಯಾಗಿ ಸ್ಕೂಟರ್ ಬಂತು. ಅಂಕೋಲೆಗೆ ವರ್ಗವಾಗಿ ಬಂದಿದ್ದ ಸಂದೀಪ, ಅವನ ಹೆಂಡತಿ ನೀತಾ. ಸಂದೀಪ ಒಳಹೊಕ್ಕು ನಲ್ಲಿ ತಿರುಗಿಸಿ, ಕಿಟಕಿ ಎಳೆದು ನೋಡಿದ. ನೀತಾ ಅಂಗಳ ದಾಟಲೇ ಇಲ್ಲ.

"ಇದೆಲ್ಲ ಈ ನೆಲದಾಗೇ ಬೆಳೆದದ್ದಾ?" ಎಂದಳು.

ಇಷ್ಟು ದಿನ ಯಾರೂ ಕೇಳದ ಮಾತು. ಗಂಗೂನ ನಾಲಿಗೆಗೆ ರೆಕ್ಕೆ ಬಂತು. ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಬೇಕು, ಹರಿವೆಯನ್ನು ಬುಡ ಬಿಟ್ಟು ಚಿವುಟಿದರೆ ಮತ್ತೆ ಚಿಗುರುತ್ತದೆ, ಗೊಂಡೆ ಹತ್ತಿರವಿದ್ದರೆ ಹುಳದ ಕಾಟ ಕಡಿಮೆ ಎಂದೆಲ್ಲ ಹೇಳುತ್ತ ಅವಳ ಕೈಹಿಡಿದು ಗಿಡದಿಂದ ಗಿಡಕ್ಕೆ ಎಳೆದಾಡಿದಳು. ಸೂರ್ಯಕಾಂತಿಯ ಎದುರು ನಿಂತಾಗ ಇಬ್ಬರೂ ಸಣ್ಣ ಹುಡುಗಿಯರಂತೆ ನಗುತ್ತಿದ್ದರು. ಸಂದೀಪ ಹೊರಗೆ ಬಂದದ್ದೇ ನೀತಾ ಹೇಳಿದಳು:

"ಇನ್ನ ಬೇರೆ ಮನೆ ನೋಡೂದು ಬೇಡ. ಇದನ್ನೇ ತಗೊಳ್ಳುವಾ. ಗಿಡಕ್ಕೆ ನೀರು ಹಾಕೂದು ನಾ ನೋಡ್ಕಳ್ತೆ."

ಗಂಗೂ ಅವಳ ಕೈಬಿಟ್ಟಳು. ತಾನು ಬೆಳೆಸಿದ್ದೇ ತನ್ನನ್ನು ಹೊರಗೆ ಕಳಿಸುತ್ತಿದೆ ಎಂದು ಹೊಳೆಯಲು ಅವಳಿಗೆ ಅಷ್ಟು ಹೊತ್ತು ಬೇಕಾಗಿತ್ತು. ರಾಮನಾಥ ಬೀಗದ ಕೈ ಹಿಡಿದುಕೊಂಡು ಹೊಸಿಲಲ್ಲಿ ನಿಂತಿದ್ದ.

ನೀತಾ ಆಗಲೇ ತೋಟ ತನ್ನದೇ ಎಂಬಂತೆ ಪಾಗಾರದ ಗೋಡೆಯ ಮೂಲೆಗೆ ಹೋಗಿದ್ದಳು. ಸೌತೆಬಳ್ಳಿ ಅಲ್ಲಿ ಚಿರೇಕಲ್ಲಿನ ರಾಶಿ ಹತ್ತಿ ಆಚೆ ಇಳಿದಿತ್ತು. ಎಲೆಗಳ ಅಡಿಯಲ್ಲಿ ಮೊಣಕೈಯಷ್ಟು ದಪ್ಪದ, ಹಳದಿಗೆ ತಿರುಗಿದ ಕಾಯಿಯೊಂದು ಕಂಡು ಅವಳು ಕೈಚಾಚಿದಳು.

"ಅದ್ ಕೊಯ್ಬೇಡಿ."

ರಾಮನಾಥ ಹೊಸಿಲು ಇಳಿದು ಬಂದಿದ್ದ. ಹರಿವೆ ಮಡಿಯನ್ನು ತುಳಿಯದೆ, ಅಲಸಂದೆಯ ಚಪ್ಪರಕ್ಕೆ ತಲೆ ತಾಗಿಸದೆ, ಕಣ್ಣುಮುಚ್ಚಿ ನಡೆದರೂ ದಾರಿ ತಪ್ಪದವನ ಹಾಗೆ ಬಂದ.

"ಅದು ಬೀಜಕ್ಕೆ ಬಿಟ್ಟದ್ದು."

ಬೀಜಕ್ಕೆಂದು ಗಂಗೂ ಯಾವ ಕಾಯಿಯನ್ನೂ ಬಿಟ್ಟಿರಲಿಲ್ಲ. ಕಲ್ಲುರಾಶಿಯ ಆಚೆಗೆ ಅವಳು ಬಗ್ಗಿಯೂ ನೋಡಿರಲಿಲ್ಲ. ಹೋಗಿ ಎಲೆ ಸರಿಸಿದಳು. ಕಾಯಿಯ ತೊಟ್ಟಿಗೆ ಗುರುತಿಗೆಂದು ನೀಲಿ ಚೌಕಳಿ ಬಟ್ಟೆಯ ಚೂರು ಕಟ್ಟಿತ್ತು. ರಾಮನಾಥನ ಹಳೇ ಲುಂಗಿ. ಬಿಸಿಲಿಗೆ ಕಾದ ಕಲ್ಲು ಕಾಯಿಗೆ ತಾಗದ ಹಾಗೆ ಅಡಿಯಲ್ಲಿ ತೆಂಗಿನ ಕತ್ತದ ನಾರನ್ನು ಮೆತ್ತಗೆ ಹಾಸಿತ್ತು.

ಗಂಗೂ ತಲೆಯೆತ್ತಿ ಗಂಡನನ್ನು ನೋಡಿದಳು. ಅವನು ಮುಖ ತಿರುಗಿಸಿಕೊಂಡ.

ಸಂದೀಪ ಗಂಟಲು ಸರಿಮಾಡಿಕೊಂಡು, ಹಾಗಾದರೆ ತಾವು ಯಾವಾಗ ಸಾಮಾನು ತರಬಹುದು ಎಂದು ಕೇಳಿದ. ರಾಮನಾಥ ಬಗ್ಗಿ, ಸರಿದಿದ್ದ ಎಲೆಗಳನ್ನು ಮತ್ತೆ ಕಾಯಿಯ ಮೇಲೆ ಎಳೆದು, ಬೀಗದ ಕೈಯನ್ನು ಅಂಗಿಯ ಜೇಬಿಗೆ ಇಳಿಬಿಟ್ಟ.

"ಹಿಂದಿನ ಸಾಲಿನಲ್ಲಿ ಒಂದು ಮನೆ ಖಾಲಿ ಅದೆ," ಎಂದ. "ಬನ್ನಿ, ತೋರಿಸ್ತೆ."